ಎಂಜಿನ್ನಿನ ಶಕ್ತಿ ಮತ್ತು ಬಾಳಿಕೆ: ಪರೀಕ್ಷೆಗೆ ಮುಂಚಿನ ಟಿಪ್ಪಣಿ

'ಶಕ್ತಿ ಹೆಚ್ಚಿದಷ್ಟೂ ಎಂಜಿನ್ ಬೇಗ ಸವೆಯುತ್ತದೆ' ಎಂಬ ಮಾತು ಗ್ಯಾರೇಜಿನಲ್ಲೂ ಕೇಳುತ್ತದೆ, ತರಗತಿಯಲ್ಲೂ ಕೇಳುತ್ತದೆ. ಅದು ಅರ್ಧ ಸರಿ. ಉತ್ತರಪತ್ರಿಕೆಗೆ ಉಳಿದರ್ಧವೂ ಬೇಕು.

ಟಾರ್ಕ್ (ತಿರುಗಿಸುವ ಬಲ) ಮತ್ತು ತಿರುಗುವ ವೇಗದ ಗುಣಲಬ್ಧವೇ ಶಕ್ತಿ. ಹಾಗಾಗಿ ಗಾತ್ರ ಬದಲಿಸದೆ ಶಕ್ತಿ ಹೆಚ್ಚಿಸಲು ಎರಡೇ ದಾರಿ: ಹೆಚ್ಚು ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ) ತಿರುಗಿಸಬೇಕು, ಇಲ್ಲವೇ ಪಿಸ್ಟನ್ ಮೇಲಿನ ಒತ್ತಡ ಏರಿಸಬೇಕು. ಸರಾಸರಿ ಒತ್ತಡ ತಿಳಿಯಲು (ನಾಲ್ಕು ಸ್ಟ್ರೋಕ್ ಎಂಜಿನ್ನಿಗೆ) ನ್ಯೂಟನ್ ಮೀಟರಿನಲ್ಲಿರುವ ಟಾರ್ಕನ್ನು 0.1257ರಿಂದ ಗುಣಿಸಿ ಎಂಜಿನ್ನಿನ ಲೀಟರ್ ಗಾತ್ರದಿಂದ ಭಾಗಿಸಿ. ಉತ್ತರ ಬಾರ್‌ನಲ್ಲಿ (ಒತ್ತಡದ ಮಾನ) ಬರುತ್ತದೆ.

ಹಳೆಯ ಮಾರುತಿ 800: 796 ಸಿಸಿ, 37 ಅಶ್ವಶಕ್ತಿ, 59 ನ್ಯೂಟನ್ ಮೀಟರ್. ಒತ್ತಡ ಸುಮಾರು 9.3 ಬಾರ್.
ಹ್ಯುಂಡೈ ವೆನ್ಯೂ ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಎಂಜಿನ್): 998 ಸಿಸಿ, 120 ಅಶ್ವಶಕ್ತಿ, 172 ನ್ಯೂಟನ್ ಮೀಟರ್. 21.7 ಬಾರ್.
ಜಪಾನಿನ ಮೊದಲ ಹೋಂಡಾ ಎಸ್2000: 1997 ಸಿಸಿ, 250 ಅಶ್ವಶಕ್ತಿ, 218 ನ್ಯೂಟನ್ ಮೀಟರ್. 13.7 ಬಾರ್.

ಕೊನೆಯ ಎರಡೂ ಲೀಟರಿಗೆ 120ರ ಆಸುಪಾಸಿನ ಅಶ್ವಶಕ್ತಿ ಕೊಡುತ್ತವೆ. ಆದರೆ ಪೆಟ್ಟು ಬೀಳುವ ಜಾಗ ಬೇರೆ. ಹೋಂಡಾ ಆ ಶಕ್ತಿ ಕೊಡುವುದು 8,300 ಆರ್‌ಪಿಎಂನಲ್ಲಿ. ಸ್ಟ್ರೋಕ್ (ಪಿಸ್ಟನ್ ಒಂದು ಸಲ ಚಲಿಸುವ ದೂರ) 84 ಮಿ.ಮೀ.; ಅಂದರೆ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 23 ಮೀಟರ್. ವೇಗ ಇಮ್ಮಡಿಯಾದರೆ ಜಡತ್ವದ ಬಲ ನಾಲ್ಕು ಪಟ್ಟು. ಇಲ್ಲಿ ಬಹಳ ಜನ ಎಡವುತ್ತಾರೆ: ರಾಡ್ ಬೋಲ್ಟುಗಳಿಗೆ (ಪಿಸ್ಟನ್ನಿನ ರಾಡನ್ನು ಕ್ರ್ಯಾಂಕಿಗೆ ಬಿಗಿಯುವವು) ಅತಿ ಕಷ್ಟದ ಗಳಿಗೆ ಪವರ್ ಸ್ಟ್ರೋಕ್ ಅಲ್ಲ, ಹೊಗೆ ಹೊರದಬ್ಬುವ ಎಗ್ಸಾಸ್ಟ್ ಸ್ಟ್ರೋಕಿನ ಕೊನೆ. ಮೇಲಕ್ಕೆ ಹಾರುವ ಪಿಸ್ಟನ್ನನ್ನು ತಡೆಯಲು ಆಗ ಅನಿಲದ ಒತ್ತಡ ಇರುವುದಿಲ್ಲ. ಎಳೆತವೆಲ್ಲ ಬೋಲ್ಟುಗಳ ಮೇಲೆ.

ಟರ್ಬೊದಲ್ಲಿ ಶತ್ರು ಶಾಖ ಮತ್ತು ಒತ್ತಡ. ಪಿಸ್ಟನ್ ತಲೆ, ರಿಂಗು, ಹೆಡ್ ಗ್ಯಾಸ್ಕೆಟ್ಟಿಗೆ ಬಿಸಿ ತಟ್ಟುತ್ತದೆ. ನಾಕಿಂಗ್ (ಇಂಧನ ತಾನಾಗಿ ಸಿಡಿಯುವುದು) ಶುರುವಾದರೆ ಹಾನಿ ಬೇಗ. ಟರ್ಬೊದ ಬೇರಿಂಗಿಗೂ ಅದೇ ಎಂಜಿನ್ ಆಯಿಲ್, ಆದ್ದರಿಂದ ಆಯಿಲ್ ಬದಲಿಸುವುದನ್ನು ಮುಂದೂಡುವ ಚಾಳಿ ಇಲ್ಲಿ ದುಬಾರಿ.

ಇನ್ನೊಂದು: ಸಣ್ಣ ಕಾರು ಸಮತಟ್ಟು ಹೆದ್ದಾರಿಯಲ್ಲಿ 100 ಕಿ.ಮೀ. ವೇಗಕ್ಕೆ ಬಳಸುವುದು ಹೆಚ್ಚುಕಮ್ಮಿ 20 ಅಶ್ವಶಕ್ತಿ. ವೆನ್ಯೂನಂಥ ಕಾರಿನಿಂದ ಪೂರ್ತಿ 120 ಕೇಳುವುದು ಓವರ್‌ಟೇಕಿನ ಕೆಲವು ಸೆಕೆಂಡು ಮಾತ್ರ.

ಅಭ್ಯಾಸಕ್ಕೆ: ವೋಲ್ವೊ ಟ್ರಕ್ಕಿನ 12.8 ಲೀಟರ್ ಡೀಸೆಲ್, 500 ಅಶ್ವಶಕ್ತಿ, 2,500 ನ್ಯೂಟನ್ ಮೀಟರ್. ಒತ್ತಡ 24.5 ಬಾರ್, ವೆನ್ಯೂಗಿಂತ ಜಾಸ್ತಿ! ಆದರೂ ಲಕ್ಷಗಟ್ಟಲೆ ಕಿ.ಮೀ. ಓಡುತ್ತದೆ. ಲೀಟರಿಗೆ ಬರುವ ಅಶ್ವಶಕ್ತಿ, ಆರ್‌ಪಿಎಂ, ಬಿಡಿಭಾಗಗಳ ದಪ್ಪ ಈ ಮೂರನ್ನೂ ಹಿಡಿದು ಕಾರಣ ಬರೆಯಿರಿ.