ಮಾತ್ರೆ ಒಗ್ಗಿಹೋಗಿರುವುದು ನಿಮಗಲ್ಲ

ಸೋಂಕಿನ ಬ್ಯಾಕ್ಟೀರಿಯಾ ಯಾವ ಔಷಧಕ್ಕೆ ಬಗ್ಗುತ್ತದೆಂದು ಹೇಳುವ ಕಲ್ಚರ್ ರಿಪೋರ್ಟ್‌ನಲ್ಲಿ ಔಷಧದ ಹೆಸರಿನ ಮುಂದೆ ‘ಆರ್’ (ರೆಸಿಸ್ಟೆಂಟ್, ಅಂದರೆ ಬಗ್ಗದ್ದು) ಕಂಡ ಕೂಡಲೇ ಜನ ಹೇಳುವುದು ಒಂದೇ: ‘ನನ್ನ ಬಾಡಿಗೆ ಆ ಮಾತ್ರೆ ಒಗ್ಗಿಹೋಗಿದೆ ಡಾಕ್ಟ್ರೇ.’ ಇಲ್ಲ ಮಹಾರಾಯರೇ. ರೆಸಿಸ್ಟೆಂಟ್ ಆಗಿರುವುದು ನೀವಲ್ಲ, ನಿಮ್ಮೊಳಗಿನ ಬ್ಯಾಕ್ಟೀರಿಯಾ. ಜನ್ಮದಲ್ಲಿ ಆ ಮಾತ್ರೆ ನುಂಗದವರಿಗೂ ಅಂಥ ಸೋಂಕು ತಗುಲಬಹುದು.

ಇದನ್ನು ಒಪ್ಪಿದವರು ಮುಂದಿನ ಮೆಟ್ಟಿಲಲ್ಲಿ ಎಡವುತ್ತಾರೆ. ‘ಹಾಗಾದ್ರೆ ಔಷಧ ನೋಡಿ ನೋಡಿ ಬ್ಯಾಕ್ಟೀರಿಯಾ ಕಲಿತುಕೊಂಡಿತು, ಅಲ್ವಾ?’ ಅದೂ ಅಲ್ಲ. ಅನುಕೂಲ ಚೆನ್ನಾಗಿದ್ದರೆ ಇ. ಕೋಲಿ ಎಂಬ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಎಂಟು ಗಂಟೆಯಲ್ಲಿ ಒಂದು ಹೋಗಿ 1.6 ಕೋಟಿ ದಾಟುತ್ತದೆ. ಅಷ್ಟು ಸಲ ಡಿಎನ್ಎ ನಕಲಾಗುವಾಗ ಅಲ್ಲಲ್ಲಿ ತಪ್ಪಾಗುತ್ತದೆ. ಎಲ್ಲೋ ಒಂದು ತಪ್ಪು ಔಷಧವನ್ನು ತಡೆಯುವಂಥದ್ದಾಗಿರಬಹುದು. ಔಷಧ ಬರುವ ಮೊದಲೇ ಅದು ಅಲ್ಲಿರುತ್ತದೆ. ಔಷಧ ಉಳಿದವನ್ನು ಕೊಂದು ಅದಕ್ಕೆ ಜಾಗ ಖಾಲಿ ಮಾಡಿಕೊಡುತ್ತದೆ, ಅಷ್ಟೆ. ಒತ್ತಡದಲ್ಲಿ ಕೆಲವು ಬ್ಯಾಕ್ಟೀರಿಯಾಗಳಲ್ಲಿ ತಪ್ಪುಗಳು ಜಾಸ್ತಿಯಾಗುವುದುಂಟು. ಆದರೂ ಯಾವ ಜೀನ್‌ನಲ್ಲಿ ಎನ್ನುವುದು ಅದರ ಕೈಯಲ್ಲಿಲ್ಲ.

ಇದು ಹೊಳೆದ ಬಗೆ ನನಗೆ ಬಲು ಇಷ್ಟ. ಪಾರ್ಟಿಯೊಂದರಲ್ಲಿ ವಿಜ್ಞಾನಿ ಸಾಲ್ವಡಾರ್ ಲೂರಿಯಾ ಎದುರಿಗೆ ಸಹೋದ್ಯೋಗಿಯೊಬ್ಬರು ಜೂಜಿನ ಯಂತ್ರಕ್ಕೆ ನಾಣ್ಯ ಹಾಕುತ್ತಿದ್ದರು. ಸೋತು ಸೋತು ಒಮ್ಮೆಲೇ ಜಾಕ್‌ಪಾಟ್! ಲೂರಿಯಾ ಅದನ್ನೇ ಟೆಸ್ಟ್ ಟ್ಯೂಬ್‌ಗಳಲ್ಲಿ ಹುಡುಕಿದರು. ಬೇರೆ ಬೇರೆ ಟ್ಯೂಬ್‌ಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಅವನ್ನು ಕೊಲ್ಲುವ ವೈರಸ್ ಮೇಲೆ ಬಿಟ್ಟರು. ವೈರಸ್ ಕಂಡ ಮೇಲೆ ಕಲಿಯುವುದಾದರೆ ಎಲ್ಲ ಟ್ಯೂಬ್‌ನಲ್ಲೂ ಹೆಚ್ಚುಕಡಿಮೆ ಅಷ್ಟಷ್ಟೇ ಬದುಕಬೇಕಿತ್ತು. ಆದದ್ದು ಬೇರೆ. ಹಲವು ಟ್ಯೂಬ್‌ಗಳಲ್ಲಿ ಒಂದೂ ಉಳಿಯಲಿಲ್ಲ, ಕೆಲವದರಲ್ಲಿ ರಾಶಿ ರಾಶಿ. ಅಂದರೆ ಅಲ್ಲಿ ಬದಲಾವಣೆ ಬಹಳ ಮೊದಲೇ ಆಗಿ, ಸಂತತಿ ಬೆಳೆದಿತ್ತು. ಇನ್ನೊಬ್ಬ ವಿಜ್ಞಾನಿ ಡೆಲ್‌ಬ್ರುಕ್ ಜೊತೆ ಸೇರಿ 1943ರಲ್ಲಿ ಇದನ್ನು ಪ್ರಕಟಿಸಿದರು. ಪೆನಿಸಿಲಿನ್ ಒಡೆಯುವ ಕಿಣ್ವವಂತೂ ಬ್ಯಾಕ್ಟೀರಿಯಾದಲ್ಲಿ 1940ರಲ್ಲೇ ಸಿಕ್ಕಿತ್ತು, ಆ ಔಷಧ ಇನ್ನೂ ಬಳಕೆಗೇ ಬಂದಿರಲಿಲ್ಲ!

ಬ್ಯಾಕ್ಟೀರಿಯಾ ರೆಸಿಸ್ಟೆಂಟ್ ಆಗಲು ಇನ್ನೊಂದು ದಾರಿಯೂ ಇದೆ, ಅದೇ ಹೆಚ್ಚು ತಲೆನೋವು. 1950ರ ದಶಕದಲ್ಲಿ ಜಪಾನಿನಲ್ಲಿ ರಕ್ತಭೇದಿಯ ಶಿಗೆಲ್ಲಾ ಒಟ್ಟಿಗೇ ನಾಲ್ಕು ಔಷಧಗಳಿಗೆ ಬಗ್ಗದಾಯಿತು. ನಾಲ್ಕು ತಪ್ಪುಗಳು ಒಂದೇ ಸಲ ಆಗುವುದು ಕಷ್ಟ. ಆ ಜೀನ್‌ಗಳು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್ಎ ಉಂಗುರದಲ್ಲಿದ್ದವು. ಅದು ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು, ಕರುಳಿನ ಇ. ಕೋಲಿಯಿಂದ ಶಿಗೆಲ್ಲಾಕ್ಕೂ.

ಅದಕ್ಕೇ ನೆಗಡಿಗೆ ಸುಮ್ನೆ ಆ್ಯಂಟಿಬಯೋಟಿಕ್ ನುಂಗಿದವರನ್ನು ಕಂಡರೆ ನನಗೆ ರೇಗುತ್ತದೆ. ನೆಗಡಿಯ ವೈರಸ್‌ಗೆ ಅದು ತಾಗುವುದೇ ಇಲ್ಲ. ಕರುಳಿನಲ್ಲಿ ಮಾತ್ರ ಆ ಉಂಗುರ ಇದ್ದವುಗಳನ್ನೇ ಉಳಿಸುತ್ತದೆ. ಯಾವ ಮಾತ್ರೆ, ಎಷ್ಟು ದಿನ ಎನ್ನುವುದು ರೋಗದಿಂದ ರೋಗಕ್ಕೆ ಬೇರೆ. ನಿಮ್ಮನ್ನು ನೋಡಿದ ಡಾಕ್ಟರ್ ಹೇಳಬೇಕು, ಹೋದ ವರ್ಷದ ಚೀಟಿಯಲ್ಲ.