ಸಾಯಿರಿ ಎಂಬ ಆಜ್ಞೆಗೂ ಮಿತಿಯಿದೆ

ಸೇನೆಯ ಕಾನೂನು ವಿಭಾಗದಿಂದ ನಿವೃತ್ತನಾಗಿ ಗೋವಾದ ವಾಸ್ಕೋದಲ್ಲಿ ನೆಲೆಸಿರುವ ನನ್ನನ್ನು ಇಲ್ಲಿನ ಕನ್ನಡದ ಹುಡುಗರು, ಅದರಲ್ಲೂ ಸೇನಾ ಭರ್ತಿಗೆ ತಯಾರಾಗುತ್ತಿರುವವರು, ಪದೇ ಪದೇ ಕೇಳುವುದು ಒಂದೇ ಪ್ರಶ್ನೆ: ‘ಕೊನೆಯ ಗುಂಡಿನವರೆಗೆ ಕಾದಾಡದೆ ಶರಣಾದವನು ಹೇಡಿಯಲ್ಲವೇ ಸರ್?’ ವೀರಗಲ್ಲುಗಳ ನಾಡಿನವರು ಹೀಗೆ ಕೇಳುವುದು ಸಹಜ. ರಣದಲ್ಲಿ ಮಡಿದವನನ್ನು ಅಪ್ಸರೆಯರು ಸ್ವರ್ಗಕ್ಕೆ ಒಯ್ಯುವುದನ್ನು ಕಲ್ಲಿನಲ್ಲಿ ನೋಡುತ್ತಲೇ ಬೆಳೆದವರು ನಾವು.

ಉತ್ತರ ಹುಡುಕಲು ಈ ಊರು ಬಿಟ್ಟು ಹೋಗಬೇಕಿಲ್ಲ. ಪೋರ್ಚುಗೀಸರ ಕೈಯಲ್ಲಿದ್ದ ಗೋವಾವನ್ನು ಬಿಡಿಸಲು ನಮ್ಮ ಸೇನೆ ಸಜ್ಜಾಗಿದ್ದಾಗ, 1961ರ ಡಿಸೆಂಬರ್ 14ರಂದು, ಪೋರ್ಚುಗಲ್ಲಿನ ಸರ್ವಾಧಿಕಾರಿ ಸಾಲಾಜಾರ್, ಗೋವಾದ ಗವರ್ನರ್ ಜನರಲ್ ವಾಸ್ಸಾಲೊ ಇ ಸಿಲ್ವಾಗೆ ಕಳುಹಿಸಿದ ಸಂದೇಶದ ತಾತ್ಪರ್ಯ ಇಷ್ಟು: ಶರಣಾಗತಿ ಕೂಡದು, ಗೆದ್ದಾದರೂ ಬನ್ನಿ, ಸತ್ತಾದರೂ ಹೋಗಿ. ಗವರ್ನರ್ ಬಳಿ ಇದ್ದದ್ದು ಮೂರು ಸಾವಿರ ಚಿಲ್ಲರೆ ಸೈನಿಕರು ಮತ್ತು ಒಂದು ಹಳೆಯ ಯುದ್ಧನೌಕೆ. ಯುದ್ಧವಿಮಾನ ಒಂದೂ ಇರಲಿಲ್ಲ. 18ರಂದು ಮುರ್ಮುಗೋವಾ ಬಂದರಿನಲ್ಲಿ ಆ ನೌಕೆ, ಅಫೊನ್ಸೊ ದೆ ಅಲ್ಬುಕರ್ಕ್, ನಮ್ಮ ನೌಕೆಗಳೊಡನೆ ಸೆಣಸಿ, ಏಟು ತಿಂದು, ದಡ ಹತ್ತಿತು. ಮರುದಿನ ರಾತ್ರಿ ವಾಸ್ಕೋದಲ್ಲೇ ಶರಣಾಗತಿಗೆ ಗವರ್ನರ್ ಸಹಿ ಹಾಕಿದರು. 1963ರಲ್ಲಿ ಲಿಸ್ಬನ್ ಅವರನ್ನು ಸೇನೆಯಿಂದ ಹೊರಹಾಕಿತು. 1974ರ ಕ್ರಾಂತಿಯ ನಂತರವೇ ಅವರ ಸ್ಥಾನಮಾನ ಮರಳಿದ್ದು.

ಅವರು ಕಾಯುತ್ತಿದ್ದ ವಸಾಹತು ಆಳ್ವಿಕೆಯ ಬಗ್ಗೆ ನನಗೆ ಎಳ್ಳಷ್ಟೂ ಗೌರವವಿಲ್ಲ. ಆ ಸಹಿಯ ಬಗ್ಗೆ ಇದೆ. ಇನ್ನೂ ಒಂದು ವಾರ ಹೋರಾಡಿದ್ದರೆ ಹೆಣಗಳು ಹೆಚ್ಚುತ್ತಿದ್ದವು, ಪಣಜಿಯ ಬೀದಿಗಳು ಸುಡುತ್ತಿದ್ದವು, ಫಲಿತಾಂಶ ಮಾತ್ರ ಕೂದಲೆಳೆಯಷ್ಟೂ ಬದಲಾಗುತ್ತಿರಲಿಲ್ಲ.

ಹಾಗಾದರೆ ಲಡಾಖಿನ ರೆಜಾಂಗ್ ಲಾ ಕಣಿವೆದಾರಿ? ಚೀನಾ ಯುದ್ಧದ ವೇಳೆ, 1962ರ ನವೆಂಬರ್ 18ರಂದು, ಅಲ್ಲಿ ಮೇಜರ್ ಶೈತಾನ್ ಸಿಂಗ್ ಮತ್ತು ಅವರ ಕುಮಾಂವ್ ರೆಜಿಮೆಂಟಿನ ಕಂಪನಿಯ ನೂರಕ್ಕೂ ಹೆಚ್ಚು ಯೋಧರು ಕದಲದೆ ಮಡಿದರು. ಅವರ ಬೆನ್ನ ಹಿಂದೆ ಚುಶೂಲ್ ಇತ್ತು, ಅದರ ವಾಯುನೆಲೆ ಇತ್ತು. ಸೈನಿಕನ ಸಾವಿನಿಂದ ಯಾರಿಗಾದರೂ ರಕ್ಷಣೆ ಅಥವಾ ಸಮಯ ಸಿಗುವ ತನಕ ಅವನನ್ನು ನಿಲ್ಲು ಎನ್ನುವ ಹಕ್ಕು ಕಮಾಂಡರನಿಗಿದೆ. ಆಳುವವರ ಪ್ರತಿಷ್ಠೆಗಾಗಿ ಸಾಯಿ ಎನ್ನುವ ಹಕ್ಕು ಯಾರಿಗೂ ಇಲ್ಲ ಎಂದೇ ನನ್ನ ನಂಬಿಕೆ.

ಇದು ಪ್ರತಿ ಜವಾನನೂ ತನ್ನಷ್ಟಕ್ಕೆ ಲೆಕ್ಕ ಹಾಕಿ ಬಂದೂಕು ಕೆಳಗಿಡುವ ವಿಷಯವಲ್ಲ. ನಾಚಿಕೆಗೇಡಿಯಾಗಿ ಠಾಣೆ ಬಿಟ್ಟುಕೊಟ್ಟವನಿಗೆ ನಮ್ಮ 1950ರ ಸೇನಾ ಕಾಯ್ದೆಯ 34ನೇ ಸೆಕ್ಷನ್ ಮರಣದಂಡನೆಯನ್ನೂ ವಿಧಿಸಬಹುದು. ಕಮಾಂಡರ್ ತನ್ನ ತೀರ್ಮಾನಕ್ಕೆ ಮುಂದೆ ಲೆಕ್ಕ ಕೊಡಲೇಬೇಕು. ಮದ್ದುಗುಂಡು ಎಷ್ಟಿತ್ತು, ನೆರವು ಬರುವಂತಿತ್ತೇ, ಗಾಯಾಳುಗಳ ಗತಿಯೇನು ಎಂಬುದಕ್ಕೆಲ್ಲ ಅವನಲ್ಲಿ ಉತ್ತರವಿರಬೇಕು.

ಹುಡುಗರು ಕೇಳದೇ ಬಿಡುವ ಇನ್ನೊಂದು ಪ್ರಶ್ನೆಯಿದೆ: ಶರಣಾದವನನ್ನು ಎದುರಾಳಿ ಏನು ಮಾಡುತ್ತಾನೆ? ಸೆರೆಸಿಕ್ಕವರನ್ನು ಕೊಲ್ಲುವ ಶತ್ರುವಿನ ಮುಂದೆ ನಾನು ಮೇಲೆ ಹೇಳಿದ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಅಲ್ಲಿ ಕಾದಾಡುವುದೊಂದೇ ದಾರಿ. ಯುದ್ಧದ ರೀತಿನೀತಿ ಕುರಿತ 1907ರ ಅಂತಾರಾಷ್ಟ್ರೀಯ ಹೇಗ್ ನಿಯಮಾವಳಿ ಆಯುಧ ಕೆಳಗಿಟ್ಟವನನ್ನು ಕೊಲ್ಲುವುದನ್ನಷ್ಟೇ ಅಲ್ಲ, ಯಾರನ್ನೂ ಜೀವಸಹಿತ ಬಿಡುವುದಿಲ್ಲ ಎಂದು ಸಾರುವುದನ್ನೂ ನಿಷೇಧಿಸಿತು. 1971ರಲ್ಲಿ ಢಾಕಾದಲ್ಲಿ ಪಾಕಿಸ್ತಾನಿ ಸೇನೆ ನಮಗೆ ಶರಣಾದಾಗ, ಶರಣಾಗತಿ ಪತ್ರದಲ್ಲಿ ಸೆರೆಯಾಳುಗಳನ್ನು ಜಿನೀವಾ ಒಪ್ಪಂದದಂತೆ ನಡೆಸಿಕೊಳ್ಳುವ ಭರವಸೆಯನ್ನು ಬರೆದೇ ಕೊಡಲಾಯಿತು. ಬೀದಿ ಬೀದಿಗಳಲ್ಲಿ ನಡೆಯಬಹುದಾಗಿದ್ದ ಕಾಳಗ ತಪ್ಪಿ, ನಮ್ಮ ಜವಾನರೂ ಢಾಕಾದ ಸಾವಿರಾರು ನಿವಾಸಿಗಳೂ ಬದುಕಿ ಉಳಿದರು.