ಹೈಡ್ರೋ ಅಂದರೆ ನೀರಾ, ಕರೆಂಟಾ?

ಚಿಕ್ಕಪ್ಪನ ಮಗ ಕೆನಡಾದ ಒಂಟಾರಿಯೋದಲ್ಲಿದ್ದಾನೆ. ಒಮ್ಮೆ ಫೋನಿನಲ್ಲಿ ‘ದೊಡ್ಡಾಯಿ, ಈ ಚಳಿಗಾಲ ಹೈಡ್ರೋ ಬಿಲ್ ಜಾಸ್ತಿ ಬಂತು’ ಅಂದ. ಕಾರವಾರದಲ್ಲಿ ಕೂತಿದ್ದ ಆಯಿಗೆ ಆಶ್ಚರ್ಯ. ‘ಚಳಿಯಲ್ಲಿ ಅಷ್ಟೊಂದು ನೀರು ಯಾಕೋ ನಿಂಗೆ?’ ಎಂದು ಕೇಳಿದಳು. ಅವನು ಹೇಳಿದ್ದು ಕರೆಂಟ್ ಬಿಲ್ಲು.

ಆಯಿ ಕೇಳಿದ್ದರಲ್ಲಿ ತಪ್ಪೇನಿಲ್ಲ. ಹೈಡ್ರೋ ಅಂದರೆ ನೀರೇ. ಹಳೆಯ ಗ್ರೀಕಿನಲ್ಲಿ ನೀರಿಗೆ ‘ಹ್ಯುಡೋರ್’ ಅನ್ನುತ್ತಿದ್ದರು. ಇನ್ನೊಂದು ಪದದ ಮುಂದೆ ಕೂತಾಗ ಅದು ಇಂಗ್ಲಿಷಿನಲ್ಲಿ ‘ಹೈಡ್ರೋ’ ಆಯಿತು. ನಾವು ಸಂಸ್ಕೃತದಿಂದ ತಂದುಕೊಂಡ ‘ಉದಕ’ ಇದರ ದಾಯಾದಿ. ‘ಸಮುದ್ರ’ದೊಳಗಿನ ‘ಉದ್’, ಇಂಗ್ಲಿಷಿನ ‘ವಾಟರ್’ ಕೂಡ ಅದೇ ಬೇರಿನವು. ನೀರುನಾಯಿಗೆ ಸಂಸ್ಕೃತದಲ್ಲಿ ‘ಉದ್ರ’, ಇಂಗ್ಲಿಷಿನಲ್ಲಿ ‘ಆಟರ್’. ಗ್ರೀಕ್ ಪುರಾಣದ ಹಲವು ತಲೆಯ ನೀರುಹಾವು ‘ಹೈಡ್ರಾ’. ಇವೆಲ್ಲ ಒಂದೇ ಬಳಗ. ದಾಂಡೇಲಿ ಹತ್ತಿರ ಕಾಳಿ ನದಿಯಲ್ಲಿ ನೀರುನಾಯಿ ತಲೆ ಎತ್ತಿದಾಗಲೆಲ್ಲ ನನಗೆ ಈ ನಂಟು ನೆನಪಾಗಿ ಖುಷಿಯಾಗುತ್ತದೆ.

ಹೈಡ್ರೋಜನ್ ಅಂದರೆ ನೀರನ್ನು ಹುಟ್ಟಿಸುವುದು. ಅದು ಉರಿದಾಗ ನೀರಾಗುತ್ತದೆ, ಅದಕ್ಕೇ ಆ ಹೆಸರು. ಶಾಲೆಯಲ್ಲಿ ಕಲಿತ ‘ಜಲಜನಕ’ ಎಷ್ಟು ಚೆನ್ನಾಗಿ ಅದನ್ನೇ ಹೇಳುತ್ತದೆ ಅಲ್ವಾ?

ಆದರೆ ಬಾಲ ಕತ್ತರಿಸಿದ ಬರೀ ‘ಹೈಡ್ರೋ’ ಯಾವ ಪದದ ತುಂಡು ಅನ್ನುವುದು ಊರಿನ ಮೇಲೆ ಹೋಗುತ್ತದೆ. ಸ್ಕಾಟ್ಲೆಂಡಿನಲ್ಲಿ ಅದು ನೀರಿನ ಚಿಕಿತ್ಸೆಗೆಂದು ಕಟ್ಟಿದ ಹಳೆಯ ಕಾಲದ ಹೋಟೆಲ್. ಒಂಟಾರಿಯೋದಲ್ಲಿ ಅದು ‘ಹೈಡ್ರೋ-ಎಲೆಕ್ಟ್ರಿಕ್’ನ ತುಂಡು. 1906ರಲ್ಲಿ ಅಲ್ಲಿನ ಸರ್ಕಾರ ಹೈಡ್ರೋ-ಎಲೆಕ್ಟ್ರಿಕ್ ಪವರ್ ಕಮಿಷನ್ ಶುರು ಮಾಡಿತು. ನಯಾಗರದ ನೀರಿನಿಂದ ಬಂದ ಕರೆಂಟು ಊರೂರಿಗೆ ಹೋಯಿತು. ಅಷ್ಟುದ್ದದ ಹೆಸರನ್ನು ಯಾರು ಹೇಳುತ್ತಾರೆ? ಜನ ಸುಮ್ನೆ ‘ಹೈಡ್ರೋ’ ಅಂದರು. ಈಗ ಅಲ್ಲಿನ ಸುಮಾರು ಅರ್ಧದಷ್ಟು ಕರೆಂಟು ಅಣುಸ್ಥಾವರಗಳದ್ದು. ಆದರೂ ಜನರ ಬಾಯಲ್ಲಿ ಅದು ಹೈಡ್ರೋ ಬಿಲ್ಲೇ.

ನಮ್ಮ ಕಾಳಿಯ ದಂಡೆಯಲ್ಲಿ ಹೀಗಾಗಲಿಲ್ಲ. ಸೂಪಾ, ಕೊಡಸಳ್ಳಿ, ಕದ್ರಾ ಎಂದು ಒಂದೇ ಹೊಳೆಗೆ ಸಾಲುಸಾಲು ಅಣೆಕಟ್ಟು. ಕದ್ರಾದಲ್ಲಿ ನೀರಿನಿಂದ 150 ಮೆಗಾವ್ಯಾಟ್. ಅದೇ ಕದ್ರಾದ ಹಿನ್ನೀರಿನ ಪಕ್ಕ ಕೈಗಾ ಅಣುಸ್ಥಾವರ, ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕ. ಇಲ್ಲಿ ಹೈಡ್ರೋ ಅಂದರೆ ಅಣೆಕಟ್ಟಿನದು ಮಾತ್ರ, ಕೈಗಾದ್ದು ನ್ಯೂಕ್ಲಿಯರ್. ಮನೆಗೆ ಬಂದ ಮೇಲೆ ಎರಡೂ ಬರೀ ಕರೆಂಟು.

ಈ ‘ಕರೆಂಟ್’ ಕೂಡ ತುಂಡಾದ ಪದವೇ, ‘ಎಲೆಕ್ಟ್ರಿಕ್ ಕರೆಂಟ್’ನ ಬಾಲ. ಓಡು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ತಂತಿಯಲ್ಲಿ ವಿದ್ಯುತ್ ಹರಿಯುವುದಕ್ಕೆ ಎಷ್ಟೋ ಮೊದಲೇ ಇಂಗ್ಲಿಷಿನವರು ಹೊಳೆಯ ಹರಿವಿಗೆ, ಕಡಲಿನ ಸೆಳೆತಕ್ಕೆ ಕರೆಂಟ್ ಅನ್ನುತ್ತಿದ್ದರು.